ರಿಆಕ್ಟಿವೇಶನ್: ಬ್ಯಾಂಕಿನ ಫಾರಂನಿಂದ ಲ್ಯಾಬ್ ವರದಿಯವರೆಗೆ ಒಂದು ಪದದ ಅರ್ಥ

ಕಳೆದ ವರ್ಷ ನನ್ನ ತಾಯಿಯ ಹಳೆಯ ಉಳಿತಾಯ ಖಾತೆಯ ಕೆಲಸಕ್ಕಾಗಿ ನಾವಿಬ್ಬರೂ ಒಂದು ಬ್ಯಾಂಕ್ ಶಾಖೆಗೆ ಹೋಗಿದ್ದೆವು. ಪಿಂಚಣಿ ಬೇರೆ ಬ್ಯಾಂಕಿಗೆ ವರ್ಗವಾದ ಮೇಲೆ ಅವರು ಆ ಪಾಸ್‌ಬುಕ್ಕನ್ನು ಬೀರುವಿನಲ್ಲಿ ಸೀರೆಗಳ ಕೆಳಗಿಟ್ಟು ಮರೆತೇಬಿಟ್ಟಿದ್ದರು. ಕೌಂಟರಿನಲ್ಲಿದ್ದ ತರುಣ ಕಂಪ್ಯೂಟರಿನ ಪರದೆಯನ್ನು ನೋಡಿ, "ಅಮ್ಮಾ, ರಿಆಕ್ಟಿವೇಶನ್ ಮಾಡಿಸಬೇಕು, ಈ ಫಾರಂ ತುಂಬಿಕೊಡಿ" ಎಂದು ಒಂದು ಹಾಳೆಯನ್ನು ಮುಂದಕ್ಕೆ ಸರಿಸಿದ. ತಾಯಿ ಹಾಳೆಯನ್ನು ಹಿಡಿದುಕೊಂಡು ನನ್ನ ಕಡೆ ತಿರುಗಿ, "ರಿಯಾಕ್ಷನ್ ಅಂದರೆ ಗೊತ್ತು, ಔಷಧ ಒಗ್ಗದಿದ್ದರೆ ಆಗುವುದು. ಇದೇನಿದು?" ಎಂದು ಕೇಳಿದರು.

ಅದಾದ ಕೆಲವು ವಾರಗಳಿಗೆ ಇದೇ ಪದ ನಮ್ಮ ಮನೆಗೆ ಇನ್ನೊಂದು ದಾರಿಯಿಂದ ಬಂತು. ಹತ್ತಿರದ ಬಂಧುವೊಬ್ಬರಿಗೆ ಚಿಕಿತ್ಸೆ ಶುರುಮಾಡುವ ಮೊದಲು ವೈದ್ಯರು ರಕ್ತಪರೀಕ್ಷೆಗೆ ಬರೆದುಕೊಟ್ಟಿದ್ದ ಚೀಟಿಯಲ್ಲಿ ಹೆಪಟೈಟಿಸ್ ಬಿ ಎಂಬ ಹೆಸರಿನ ಮುಂದೆ ರಿಆಕ್ಟಿವೇಶನ್ ಎಂದಿತ್ತು. ಬ್ಯಾಂಕಿನಲ್ಲಿ ಆ ಪದವನ್ನು ಕೇಳಿ ಸಮಾಧಾನಪಟ್ಟಿದ್ದ ನಾವು ಇಲ್ಲಿ ಗಾಬರಿಯಾದೆವು. ಎರಡೂ ಕಡೆ ಇರುವುದು ಒಂದೇ ನಾಮಪದ, ಒಂದೇ ಅರ್ಥದ ಬೇರು. ಆದರೂ ಒಂದು ಕಡೆ ಅದು ಬೇಕಾದ ಸುದ್ದಿ, ಇನ್ನೊಂದು ಕಡೆ ಬೇಡವಾದ ಸುದ್ದಿ. ಮೊಬೈಲ್ ಸಂದೇಶ, ಸರ್ಕಾರಿ ಅರ್ಜಿ, ಆಸ್ಪತ್ರೆಯ ಕಾಗದಗಳಲ್ಲೆಲ್ಲ ಈ ಪದ ನಮಗೆ ಎದುರಾಗುತ್ತಿರುವುದರಿಂದ ಅದು ಎಲ್ಲಿ ಏನನ್ನು ಹೇಳುತ್ತದೆ ಎಂಬುದನ್ನು ಬುಡದಿಂದ ಬಿಡಿಸಿ ನೋಡುವುದು ಅಗತ್ಯ.

ಪದದ ಒಡಲಿನಲ್ಲಿ ಏನಿದೆ

ಪದದ ನಡುವೆ ಇರುವುದು ‘ಆಕ್ಟಿವ್’, ಅಂದರೆ ಸಕ್ರಿಯ, ಕೆಲಸದಲ್ಲಿ ತೊಡಗಿರುವ. ಇದರ ಮೂಲ ‘ಮಾಡು, ನಡೆಸು’ ಎಂಬ ಅರ್ಥದ ‘ಅಗೆರೆ’ ಎಂಬ ಲ್ಯಾಟಿನ್ ಕ್ರಿಯಾಪದ. ‘ಆಕ್ಟಿವ್’ ಎಂಬುದಕ್ಕೆ ಬಾಲ ಸೇರಿ ‘ಆಕ್ಟಿವೇಟ್’ ಎಂಬ ಕ್ರಿಯಾಪದವಾಗುತ್ತದೆ, ಅದಕ್ಕೆ ಇನ್ನೊಂದು ಬಾಲ ಸೇರಿ ‘ಆಕ್ಟಿವೇಶನ್’ ಎಂಬ ನಾಮಪದವಾಗುತ್ತದೆ, ಮುಂದೆ ‘ಮತ್ತೆ’ ಎಂಬ ಅರ್ಥದ ‘ರಿ’ ಬಂದು ಕೂರುತ್ತದೆ. ಕನ್ನಡದಲ್ಲಿ ನಾವು ‘ಸಕ್ರಿಯ’ದಿಂದ ‘ಸಕ್ರಿಯಗೊಳಿಸು’, ಅದರಿಂದ ‘ಸಕ್ರಿಯಗೊಳಿಸುವಿಕೆ’ ಎಂದು ಕಟ್ಟಿಕೊಳ್ಳುವ ಬಗೆಯೂ ಇದೇ.

ಈ ಪದದ ತಿರುಳಿರುವುದು ಮೊದಲ ಚಿಕ್ಕ ತುಂಡಿನಲ್ಲಿ. ‘ಮರುಮದುವೆ’ ಎಂದೊಡನೆ ಮೊದಲೊಂದು ಮದುವೆ ಆಗಿತ್ತು ಎಂಬುದು ಹೇಳದೆಯೇ ತಿಳಿಯುತ್ತದೆ. ‘ಮರುಮುದ್ರಣ’ ಎಂದರೆ ಮೊದಲ ಮುದ್ರಣ ಮುಗಿದಿದೆ ಎಂದೇ ಅರ್ಥ. ಹಾಗೆಯೇ ‘ರಿಆಕ್ಟಿವೇಶನ್’ ಎಂಬ ಒಂದು ಪದದೊಳಗೆ ಮೂರು ಹಂತಗಳ ಕಥೆ ಅಡಗಿದೆ: ಒಂದು ಕಾಲದಲ್ಲಿ ಅದು ಸಕ್ರಿಯವಾಗಿತ್ತು, ನಡುವೆ ಸುಮ್ಮನಾಯಿತು, ಈಗ ಮತ್ತೆ ಸಕ್ರಿಯವಾಗಿದೆ. ನಡುವಿನ ಹಂತದಲ್ಲಿ ಅದು ಸುಮ್ಮನಿತ್ತೇ ಹೊರತು ಸತ್ತಿರಲಿಲ್ಲ ಎಂಬುದನ್ನು ಮುಖ್ಯವಾಗಿ ಗಮನಿಸಬೇಕು.

ಹಳೆಯ ಮನೆಗಳಲ್ಲಿ ರಾತ್ರಿ ಅಡುಗೆ ಮುಗಿದ ಮೇಲೆ ಒಲೆಯ ಕೆಂಡಕ್ಕೆ ಬೂದಿ ಮುಚ್ಚಿಡುತ್ತಿದ್ದರು. ಹೊರಗಿನಿಂದ ನೋಡಿದರೆ ಒಲೆ ಆರಿದಂತೆಯೇ ಕಾಣುತ್ತಿತ್ತು. ಬೆಳಗ್ಗೆ ಬೂದಿ ಸರಿಸಿ, ಊದುಕೊಳವೆಯಿಂದ ನಾಲ್ಕು ಬಾರಿ ಊದಿದರೆ ಅದೇ ಕೆಂಡ ಮತ್ತೆ ಉರಿಯುತ್ತಿತ್ತು. ಇಂಗ್ಲಿಷಿನವರು ರಿಆಕ್ಟಿವೇಶನ್ ಎನ್ನುವುದು ಇದಕ್ಕೆ. ಕೆಂಡ ಪೂರ್ತಿ ಆರಿಹೋಗಿ, ಪಕ್ಕದ ಮನೆಯಿಂದ ಬೆಂಕಿ ತರಬೇಕಾಗಿ ಬಂದರೆ ಆ ಕೆಲಸಕ್ಕೆ ಈ ಪದ ಸಲ್ಲುವುದಿಲ್ಲ. ಮುಂದೆ ನೋಡುವ ಪ್ರತಿಯೊಂದು ಸಂದರ್ಭದಲ್ಲೂ, ಬೂದಿಯ ಕೆಳಗೆ ಇನ್ನೂ ಉಳಿದಿರುವುದು ಏನು ಎಂದು ಕೇಳಿಕೊಂಡರೆ ಅರ್ಥ ತಾನಾಗಿ ಬಿಚ್ಚಿಕೊಳ್ಳುತ್ತದೆ.

ನನ್ನ ತಾಯಿ ಹೇಳಿದ ‘ರಿಯಾಕ್ಷನ್’ ಕೂಡ ಇದೇ ಬೇರಿನಿಂದ ಬಂದ ಪದವೇ. ಆದರೆ ಅಲ್ಲಿ ‘ರಿ’ ಎಂಬುದಕ್ಕೆ ‘ಮತ್ತೆ’ ಎಂಬ ಅರ್ಥವಿಲ್ಲ, ‘ಪ್ರತಿಯಾಗಿ’ ಎಂಬ ಅರ್ಥವಿದೆ. ಆದ್ದರಿಂದಲೇ ಅದು ಕನ್ನಡದಲ್ಲಿ ಪ್ರತಿಕ್ರಿಯೆಯಾಯಿತು. ಉಚ್ಚಾರಣೆಯಲ್ಲೂ ವ್ಯತ್ಯಾಸವಿದೆ. ‘ರಿಆಕ್ಟಿವೇಶನ್’ ಎನ್ನುವಾಗ ಒತ್ತು ‘ವೇ’ ಎಂಬ ಅಕ್ಷರದ ಮೇಲೆ ಬೀಳುತ್ತದೆ, ‘ರಿಆಕ್ಟಿವೇಟ್’ ಎಂಬ ಕ್ರಿಯಾಪದದಲ್ಲಿ ‘ಆಕ್’ ಮೇಲೆ ಬೀಳುತ್ತದೆ.

ಬ್ಯಾಂಕಿನ ಕೌಂಟರಿನಲ್ಲಿ

ಭಾರತೀಯ ರಿಸರ್ವ್ ಬ್ಯಾಂಕಿನ ನಿಯಮದಂತೆ, ಉಳಿತಾಯ ಅಥವಾ ಚಾಲ್ತಿ ಖಾತೆಯಲ್ಲಿ ಎರಡು ವರ್ಷಕ್ಕಿಂತ ಹೆಚ್ಚು ಕಾಲ ಗ್ರಾಹಕರ ಕಡೆಯಿಂದ ಯಾವ ವ್ಯವಹಾರವೂ ನಡೆಯದಿದ್ದರೆ ಆ ಖಾತೆಯನ್ನು ‘ಇನಾಪರೇಟಿವ್’, ಅಂದರೆ ನಿಷ್ಕ್ರಿಯ ಎಂದು ಗುರುತಿಸಲಾಗುತ್ತದೆ. ‘ಗ್ರಾಹಕರ ಕಡೆಯಿಂದ’ ಎಂಬ ಮಾತು ಇಲ್ಲಿ ಮುಖ್ಯ. ಬ್ಯಾಂಕು ತಾನಾಗಿ ಬಡ್ಡಿ ಜಮಾ ಮಾಡಿದರೆ ಅಥವಾ ಶುಲ್ಕ ಕಡಿತ ಮಾಡಿದರೆ ಅದು ಈ ಲೆಕ್ಕಕ್ಕೆ ಬರುವುದಿಲ್ಲ. ಪಾಸ್‌ಬುಕ್ಕಿನಲ್ಲಿ ಮೂರು ತಿಂಗಳಿಗೊಮ್ಮೆ ಬಡ್ಡಿಯ ಸಾಲು ಬೀಳುತ್ತಿದೆ, ಆದ್ದರಿಂದ ಖಾತೆ ಜೀವಂತವಾಗಿದೆ ಎಂದು ನನ್ನ ತಾಯಿಯೂ ನಂಬಿದ್ದರು. ಬಹಳ ಮಂದಿಯ ನಂಬಿಕೆ ಹೀಗೆಯೇ ಇರುತ್ತದೆ.

ನಿಷ್ಕ್ರಿಯ ಖಾತೆಯಲ್ಲಿ ಬೂದಿಯ ಕೆಳಗೆ ಉಳಿದಿರುವುದು ಹಣ, ಖಾತೆ ಸಂಖ್ಯೆ ಮತ್ತು ಖಾತೆದಾರರ ಹಕ್ಕು. ಉಳಿತಾಯ ಖಾತೆಯಾದರೆ ಬಡ್ಡಿಯೂ ಜಮಾ ಆಗುತ್ತಲೇ ಇರುತ್ತದೆ. ನಿಂತಿರುವುದು ವ್ಯವಹಾರ ಮಾತ್ರ. ಗುರುತು ಮತ್ತು ವಿಳಾಸದ ದಾಖಲೆಗಳನ್ನು ಹೊಸದಾಗಿ ಕೊಟ್ಟು, ಖಾತೆದಾರರು ತಾವೇ ಎಂದು ದೃಢಪಡಿಸಿ ಅದನ್ನು ಮತ್ತೆ ಚಾಲೂ ಮಾಡಿಸುವ ಕೆಲಸವೇ ರಿಆಕ್ಟಿವೇಶನ್. ರಿಸರ್ವ್ ಬ್ಯಾಂಕ್ 2024ರ ಜನವರಿ 1ರಂದು ಹೊರಡಿಸಿದ, ಅದೇ ವರ್ಷದ ಏಪ್ರಿಲ್ 1ರಿಂದ ಜಾರಿಗೆ ಬಂದ ಸೂಚನೆಗಳ ಪ್ರಕಾರ ಈ ಕೆಲಸಕ್ಕೆ ಬ್ಯಾಂಕುಗಳು ಶುಲ್ಕ ವಿಧಿಸುವಂತಿಲ್ಲ, ಮತ್ತು ನಿಷ್ಕ್ರಿಯವಾಗಿರುವ ಖಾತೆಯಲ್ಲಿ ಕನಿಷ್ಠ ಮೊತ್ತ ಇಲ್ಲವೆಂದು ದಂಡ ಹಾಕುವಂತಿಲ್ಲ. ಖಾತೆ ತೆರೆದ ಶಾಖೆಗೇ ಹೋಗಬೇಕೆಂಬ ನಿರ್ಬಂಧವೂ ಇಲ್ಲ, ಆ ಬ್ಯಾಂಕಿನ ಯಾವ ಶಾಖೆಯಲ್ಲಾದರೂ ದಾಖಲೆ ಕೊಡಬಹುದು. ಊರು ಬಿಟ್ಟು ದೂರ ನೆಲೆಸಿರುವವರಿಗೆ, ಅದರಲ್ಲೂ ವಯಸ್ಸಾದವರಿಗೆ ಇದು ದೊಡ್ಡ ಅನುಕೂಲ. ಆದರೆ ಇದು ಅನೇಕರಿಗೆ ತಿಳಿದಿಲ್ಲ ಎಂಬುದು ನನಗೆ ನಿಜವಾಗಿ ಬೇಸರದ ಸಂಗತಿ.

ಬ್ಯಾಂಕಿನಲ್ಲಿ ಈ ಪದದ ಅಕ್ಕಪಕ್ಕ ಇನ್ನೂ ಕೆಲವು ಪದಗಳು ಓಡಾಡುತ್ತವೆ. ಹೊಸ ಎಟಿಎಂ ಕಾರ್ಡನ್ನು ಮೊದಲ ಸಲ ಬಳಕೆಗೆ ತರುವುದು ಆಕ್ಟಿವೇಶನ್, ಅಲ್ಲಿ ‘ರಿ’ ಬೇಕಿಲ್ಲ. ಪೊಲೀಸರ ಅಥವಾ ನ್ಯಾಯಾಲಯದ ಸೂಚನೆಯ ಮೇಲೆ ತಡೆಹಿಡಿದ ಖಾತೆಯನ್ನು ‘ಫ್ರೀಜ್’ ಆಗಿದೆ ಎನ್ನುತ್ತಾರೆ, ಅದನ್ನು ಬಿಡಿಸುವುದು ‘ಅನ್‌ಫ್ರೀಜ್’. ಖಾತೆಯನ್ನೇ ಮುಚ್ಚಿಸಿದ್ದರೆ ‘ಕ್ಲೋಸ್ಡ್’. ಮನೆಯ ಬಾಗಿಲನ್ನು ನೆನೆದುಕೊಂಡರೆ ವ್ಯತ್ಯಾಸ ಸುಲಭ. ಬಳಸದೆ ತುಕ್ಕು ಹಿಡಿದು ಬಿಗಿಯಾದ ಬಾಗಿಲಿಗೆ ಎಣ್ಣೆ ಹಾಕಿ ತೆರೆಯುವುದು ರಿಆಕ್ಟಿವೇಶನ್. ಬೇರೆಯವರು ಹಾಕಿದ ಬೀಗವನ್ನು ಅವರಿಂದಲೇ ತೆಗೆಸುವುದು ಅನ್‌ಫ್ರೀಜ್. ಮನೆಯನ್ನೇ ಕೆಡವಿದ ಮೇಲೆ ತೆರೆಯಲು ಬಾಗಿಲೇ ಇರುವುದಿಲ್ಲ.

ಹತ್ತು ವರ್ಷ ಕಳೆದರೂ ಯಾರೂ ಬರದಿದ್ದರೆ ಹಣವು ರಿಸರ್ವ್ ಬ್ಯಾಂಕ್ 2014ರಲ್ಲಿ ಸ್ಥಾಪಿಸಿದ ಠೇವಣಿದಾರರ ಶಿಕ್ಷಣ ಮತ್ತು ಜಾಗೃತಿ ನಿಧಿಗೆ ವರ್ಗವಾಗುತ್ತದೆ. ಆಗಲೂ ಹಕ್ಕು ಹೋಗುವುದಿಲ್ಲ, ಖಾತೆದಾರರು ಅಥವಾ ವಾರಸುದಾರರು ಬ್ಯಾಂಕಿನ ಮೂಲಕವೇ ಹಣ ಕೇಳಿ ಪಡೆಯಬಹುದು. ಆದರೆ ಈ ಹಂತದಲ್ಲಿ ಕಾಗದಗಳಲ್ಲಿ ಮುಖ್ಯವಾಗಿ ಕಾಣುವ ಪದ ‘ಕ್ಲೇಮ್’. ಇಂಥ ಠೇವಣಿಗಳನ್ನು ಹುಡುಕಲು 2023ರಲ್ಲಿ ‘ಉದ್ಗಮ್’ ಎಂಬ ಜಾಲತಾಣವನ್ನು ಆರಂಭಿಸಲಾಗಿದೆ.

ಸಿಮ್, ಪ್ಯಾನ್, ವಿಮೆ

ಬ್ಯಾಂಕಿನ ಖಾತೆ ವರ್ಷಗಟ್ಟಲೆ ಕಾಯುತ್ತದೆ, ಮೊಬೈಲ್ ಸಂಖ್ಯೆ ಅಷ್ಟು ಕಾಯುವುದಿಲ್ಲ. ಪ್ರೀಪೇಯ್ಡ್ ಸಂಪರ್ಕವನ್ನು ಕನಿಷ್ಠ 90 ದಿನಗಳ ಕಾಲ ಯಾವ ಬಳಕೆಯೂ ಇಲ್ಲದಿದ್ದಾಗ ಮಾತ್ರ ಕಂಪನಿಗಳು ಸ್ಥಗಿತಗೊಳಿಸಬಹುದು ಎಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ ಹೇಳುತ್ತದೆ. ಸ್ಥಗಿತವಾದ ಮೇಲೆ ಸ್ವಲ್ಪ ಕಾಲಾವಕಾಶವಿರುತ್ತದೆ, ಆ ಅವಧಿಯೊಳಗೆ ಕೇಳಿಕೊಂಡರೆ ರಿಆಕ್ಟಿವೇಶನ್ ಸಾಧ್ಯ. ಅವಧಿ ಮೀರಿ, ಅದೇ ಸಂಖ್ಯೆ ಬೇರೊಬ್ಬರ ಕೈಗೆ ಹೋದ ಮೇಲೆ ಕೆಂಡವಿದ್ದ ಒಲೆಯೇ ಇನ್ನೊಬ್ಬರ ಮನೆಯದಾದಂತೆ. ಬ್ಯಾಂಕು ಮತ್ತು ಆಧಾರ್‌ಗೆ ಜೋಡಿಸಿದ ಹಳೆಯ ಸಂಖ್ಯೆ ಇದ್ದವರು ಈ ಕಾರಣಕ್ಕೆ ದಿನಗಳನ್ನು ಲೆಕ್ಕವಿಡಬೇಕಾಗುತ್ತದೆ. ಸಾಮಾಜಿಕ ಜಾಲತಾಣಗಳಲ್ಲೂ ಇಂಥದೇ ಭೇದವಿದೆ. ಫೇಸ್‌ಬುಕ್ ಖಾತೆಯನ್ನು ‘ಡಿಆಕ್ಟಿವೇಟ್’ ಮಾಡಿದ್ದರೆ ಮತ್ತೆ ಲಾಗಿನ್ ಆಗುವುದೇ ರಿಆಕ್ಟಿವೇಶನ್. ‘ಡಿಲೀಟ್’ ಕೋರಿ 30 ದಿನ ಕಳೆದ ಮೇಲೆ ಮರಳಿ ತರಲು ಏನೂ ಉಳಿದಿರುವುದಿಲ್ಲ.

ಪ್ಯಾನ್ ವಿಷಯದಲ್ಲಿ, ಆಧಾರ್ ಜೋಡಣೆಯಾಗದ ಸಂಖ್ಯೆಗಳು 2023ರ ಜುಲೈ 1ರಿಂದ ‘ಇನಾಪರೇಟಿವ್’ ಆದವು. ಅಂಥವನ್ನು 1,000 ರೂಪಾಯಿ ಶುಲ್ಕ ಕಟ್ಟಿ, ಜೋಡಣೆ ಮಾಡಿಸಿ ಮತ್ತೆ ‘ಆಪರೇಟಿವ್’ ಮಾಡಿಸಿಕೊಳ್ಳಬೇಕಾಯಿತು. ಜನರ ಬಾಯಲ್ಲಿ ಅದೂ ಪ್ಯಾನ್ ರಿಆಕ್ಟಿವೇಶನ್ ಎಂದೇ ಆಯಿತು. ಅರ್ಥದ ದೃಷ್ಟಿಯಿಂದ ಅದು ತಪ್ಪೇನೂ ಅಲ್ಲ.

ಆದರೆ ಇದೇ ಬಗೆಯ ಎಲ್ಲ ಕೆಲಸಗಳಿಗೂ ಇಂಗ್ಲಿಷ್ ಈ ಪದವನ್ನು ಒಪ್ಪುವುದಿಲ್ಲ. ಕಂತು ಕಟ್ಟದೆ ನಿಂತುಹೋದ ಜೀವವಿಮೆಯ ಪಾಲಿಸಿಯನ್ನು ಮತ್ತೆ ಜಾರಿಗೆ ತರುವುದಕ್ಕೆ ವಿಮಾ ಕ್ಷೇತ್ರದಲ್ಲಿ ನೆಲೆಯೂರಿದ ಪದ ‘ರಿವೈವಲ್’. ವಾಹನ ಚಾಲನಾ ಪರವಾನಗಿಯ ಅವಧಿ ಮುಗಿದಾಗ ಮಾಡಿಸುವುದು ‘ರಿನ್ಯೂವಲ್’, ಏಕೆಂದರೆ ಅಲ್ಲಿ ಮಲಗಿದ್ದನ್ನು ಎಬ್ಬಿಸುವ ಮಾತಿಲ್ಲ, ಮುಗಿದ ಅವಧಿಗೆ ಹೊಸ ಅವಧಿ ಸೇರಿಸುವ ಮಾತಿದೆ. ಪಾಸ್‌ಪೋರ್ಟಿಗೆ ನಮ್ಮ ದೇಶದ ಅರ್ಜಿಗಳಲ್ಲಿ ‘ರಿಇಶ್ಯೂ’ ಎಂದಿರುತ್ತದೆ, ಅಂದರೆ ಹೊಸ ಪುಸ್ತಕವನ್ನೇ ಕೊಡುತ್ತಾರೆ. ಅಮಾನತಾದ ನೌಕರರನ್ನು ಮರಳಿ ಹುದ್ದೆಗೆ ತೆಗೆದುಕೊಳ್ಳುವುದು ‘ರಿಇನ್‌ಸ್ಟೇಟ್‌ಮೆಂಟ್’. ಮನುಷ್ಯರಿಗೆ ಹುದ್ದೆ ಮರಳಿ ಸಿಗುತ್ತದೆ, ವ್ಯವಸ್ಥೆಗೆ ಅಥವಾ ವಸ್ತುವಿಗೆ ಚಾಲನೆ ಮರಳಿ ಸಿಗುತ್ತದೆ ಎಂಬ ಭೇದವನ್ನು ಇಂಗ್ಲಿಷ್ ಇಲ್ಲಿ ಉಳಿಸಿಕೊಂಡಿದೆ.

ಈ ಪದದ ಹೆಸರಿನಲ್ಲಿ ಮೋಸವೂ ನಡೆಯುತ್ತದೆ. ‘ನಿಮ್ಮ ಖಾತೆ ಇಂದು ರಾತ್ರಿ ನಿಲ್ಲುತ್ತದೆ, ರಿಆಕ್ಟಿವೇಶನ್‌ಗೆ ಈ ಲಿಂಕ್ ಒತ್ತಿ’ ಎಂಬ ಸಂದೇಶವನ್ನು ಪದದ ಅರ್ಥದ ಬೆಳಕಿನಲ್ಲಿ ನೋಡಿದರೆ ಅದರ ಬಿರುಕು ಕಾಣುತ್ತದೆ. ಇನ್ನೂ ನಿಲ್ಲದೆ ಇರುವ ಖಾತೆಗೆ ರಿಆಕ್ಟಿವೇಶನ್ ಎಂಬುದೇ ಇಲ್ಲ, ಎರಡು ವರ್ಷ ಸುಮ್ಮನಿದ್ದು ನಿಷ್ಕ್ರಿಯವಾಗುವ ಖಾತೆ ಒಂದು ರಾತ್ರಿಯಲ್ಲಿ ಹಾಗಾಗುವುದೂ ಇಲ್ಲ. ಇಂಥ ಲಿಂಕ್ ಒತ್ತಿ ಹಣ ಕಳೆದುಕೊಂಡವರು ತಡಮಾಡದೆ 1930 ಎಂಬ ಸೈಬರ್ ಅಪರಾಧ ಸಹಾಯವಾಣಿಗೆ ಕರೆ ಮಾಡಬೇಕು.

ಲ್ಯಾಬ್ ವರದಿಯಲ್ಲಿ

ವೈದ್ಯಕೀಯದಲ್ಲಿ ಇದೇ ಪದದ ಮುಖ ಬೇರೆ. ಕೆಲವು ರೋಗಾಣುಗಳು ಕಾಯಿಲೆ ವಾಸಿಯಾದ ಮೇಲೂ ದೇಹವನ್ನು ಬಿಟ್ಟು ಹೋಗುವುದಿಲ್ಲ. ಅವು ಒಂದು ಮೂಲೆಯಲ್ಲಿ ಸದ್ದಿಲ್ಲದೆ ಉಳಿಯುತ್ತವೆ. ದೇಹದ ರೋಗನಿರೋಧಕ ಶಕ್ತಿ ಅವುಗಳ ಮೇಲೆ ಬೂದಿ ಮುಚ್ಚಿಟ್ಟಿರುತ್ತದೆ. ಆ ಶಕ್ತಿ ಕುಂದಿದಾಗ ಅವು ಮತ್ತೆ ತಲೆಯೆತ್ತುವುದನ್ನು ವೈದ್ಯರು ರಿಆಕ್ಟಿವೇಶನ್ ಎನ್ನುತ್ತಾರೆ.

ಇದಕ್ಕೆ ನಮ್ಮ ಜನರಿಗೆ ಚೆನ್ನಾಗಿ ಗೊತ್ತಿರುವ ಉದಾಹರಣೆ ಸರ್ಪಸುತ್ತು. ಬಾಲ್ಯದಲ್ಲಿ ಚಿಕನ್‌ಪಾಕ್ಸ್ ಆಗಿ ಗುಣವಾದವರ ದೇಹದಲ್ಲಿ, ಬೆನ್ನುಹುರಿಯ ಪಕ್ಕದ ನರಗಂಟುಗಳಲ್ಲಿ ಆ ವೈರಾಣು ದಶಕಗಳ ಕಾಲ ಅಡಗಿ ಕೂರುತ್ತದೆ. ವಯಸ್ಸಾದಾಗ ಅಥವಾ ದೇಹ ಸೋತಾಗ ಅದು ಎಚ್ಚರಗೊಂಡು, ಒಂದು ನರದ ಜಾಡನ್ನೇ ಹಿಡಿದು ಚರ್ಮಕ್ಕೆ ಬಂದು, ಸೊಂಟದ ಅಥವಾ ಎದೆಯ ಒಂದು ಪಕ್ಕದಲ್ಲಿ ಪಟ್ಟಿಯಂತೆ ಉರಿಗುಳ್ಳೆಗಳನ್ನು ಎಬ್ಬಿಸುತ್ತದೆ. ಆ ಪಟ್ಟಿ ಹಾವು ಸುತ್ತಿದಂತೆ ಕಾಣುವುದರಿಂದ ಈ ಹೆಸರು. ಸರ್ಪದೋಷದಿಂದ ಬಂದದ್ದೆಂದು ಎಷ್ಟೋ ಮನೆಗಳಲ್ಲಿ ಇನ್ನೂ ನಂಬುತ್ತಾರೆ, ಆದರೆ ಅದು ಅರವತ್ತು ವರ್ಷಗಳ ಹಿಂದೆ ಅದೇ ದೇಹಕ್ಕೆ ಬಂದಿದ್ದ ವೈರಾಣುವೇ ಆಗಿರಬಹುದು. ಎರಡೂ ಕಾಯಿಲೆಗಳಿಗೆ ಕಾರಣ ಒಂದೇ ವೈರಾಣು ಎಂಬುದನ್ನು ಈ ಒಂದು ನಾಮಪದ ಸ್ಪಷ್ಟವಾಗಿ ಹೇಳುತ್ತದೆ.

ಕ್ಷಯದ ಕಥೆಯೂ ಹೀಗೆಯೇ. ಕ್ಷಯದ ರೋಗಾಣು ದೇಹಕ್ಕೆ ಹೊಕ್ಕ ಎಲ್ಲರಿಗೂ ಕಾಯಿಲೆ ಬರುವುದಿಲ್ಲ. ಜೀವಮಾನದಲ್ಲಿ ನೂರಕ್ಕೆ ಸುಮಾರು ಐದರಿಂದ ಹತ್ತು ಮಂದಿಗೆ ಮಾತ್ರ ಅದು ರೋಗವಾಗಿ ಬೆಳೆಯುತ್ತದೆ. ಉಳಿದವರಲ್ಲಿ ಅದು ಸುಪ್ತವಾಗಿರುತ್ತದೆ. ಮಧುಮೇಹ, ಎಚ್‌ಐವಿ, ಅಪೌಷ್ಟಿಕತೆ, ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಔಷಧಗಳು ಈ ನಿದ್ದೆಯನ್ನು ಕೆಡಿಸಬಲ್ಲವು.

ನಮ್ಮ ಬಂಧುವಿನ ಚೀಟಿಯಲ್ಲಿದ್ದ ಮಾತಿಗೆ ಕಾರಣವೂ ಇದೇ. ಹೆಪಟೈಟಿಸ್ ಬಿ ವೈರಾಣುವಿನ ಆನುವಂಶಿಕ ವಸ್ತು ಯಕೃತ್ತಿನ ಜೀವಕೋಶಗಳಲ್ಲಿ ವರ್ಷಾನುಗಟ್ಟಲೆ ಉಳಿದುಬಿಡಬಹುದು, ಆ ವ್ಯಕ್ತಿಗೆ ತನಗೆ ಸೋಂಕು ತಗುಲಿತ್ತೆಂಬುದೇ ತಿಳಿದಿರದೆ ಇರಬಹುದು. ಕೆಲವು ಕ್ಯಾನ್ಸರ್ ಔಷಧಗಳು, ಹೆಚ್ಚು ಪ್ರಮಾಣದ ಸ್ಟಿರಾಯ್ಡ್‌ಗಳು, ಮುಖ್ಯವಾಗಿ ರಿಟುಕ್ಸಿಮ್ಯಾಬ್‌ನಂಥ ಚುಚ್ಚುಮದ್ದುಗಳು ಶುರುವಾದಾಗ ಆ ವೈರಾಣು ಮತ್ತೆ ವೃದ್ಧಿಯಾಗಿ ಯಕೃತ್ತಿಗೆ ಗಂಭೀರ ಹಾನಿ ಮಾಡಬಲ್ಲದು. ಅದನ್ನು ತಡೆಯಲೆಂದೇ ಮುಂಚಿತವಾಗಿ ರಕ್ತಪರೀಕ್ಷೆ ಮಾಡಿಸುತ್ತಾರೆ, ಸೋಂಕಿನ ಗುರುತು ಕಂಡರೆ ವೈರಾಣು ತಡೆಯುವ ಮಾತ್ರೆಗಳನ್ನೂ ಕೊಡುತ್ತಾರೆ. ಚೀಟಿಯಲ್ಲಿದ್ದುದು ‘ಕಾಯಿಲೆ ಮರಳಿದೆ’ ಎಂಬ ತೀರ್ಪಾಗಿರಲಿಲ್ಲ, ‘ಮರಳದಂತೆ ನೋಡಿಕೊಳ್ಳುತ್ತೇವೆ’ ಎಂಬ ಮುನ್ನೆಚ್ಚರಿಕೆಯಾಗಿತ್ತು. ಅದನ್ನು ವೈದ್ಯರು ಕನ್ನಡದಲ್ಲಿ ಎರಡು ವಾಕ್ಯಗಳಲ್ಲಿ ಹೇಳಿದ ಮೇಲೆಯೇ ಮನೆಯವರಿಗೆ ಉಸಿರು ಬಂದದ್ದು.

ಇಲ್ಲಿ ಇನ್ನೊಂದು ಎಡವಟ್ಟು ಕಾದಿರುತ್ತದೆ. ರಕ್ತಪರೀಕ್ಷೆಯ ಫಲಿತಾಂಶದಲ್ಲಿ ‘ರಿಆಕ್ಟಿವ್’ ಅಥವಾ ‘ನಾನ್ ರಿಆಕ್ಟಿವ್’ ಎಂದು ಬರೆದಿರುತ್ತಾರೆ. ಕಿವಿಗೆ ಇದು ರಿಆಕ್ಟಿವೇಶನ್‌ನ ತುಂಡಿನಂತೆ ಕೇಳಿಸಿದರೂ ಇದಕ್ಕೂ ಮರುಚಾಲನೆಗೂ ಸಂಬಂಧವಿಲ್ಲ. ಇದು ‘ರಿಯಾಕ್ಷನ್’ನ ಕಡೆಯ ಪದ. ಪರೀಕ್ಷೆಯ ದ್ರಾವಣ ರಕ್ತದಲ್ಲಿರುವ ಅಂಶಕ್ಕೆ ಪ್ರತಿಕ್ರಿಯೆ ತೋರಿಸಿತೇ ಇಲ್ಲವೇ ಎಂಬುದಷ್ಟೇ ಅದರ ಅರ್ಥ.

ಕಾಯಿಲೆ ಮರಳಿ ಬಂತು ಎಂಬುದಕ್ಕೆ ವೈದ್ಯರು ಬಳಸುವ ಬೇರೆ ಪದಗಳಿಂದಲೂ ಇದನ್ನು ಬೇರ್ಪಡಿಸಿಕೊಳ್ಳಬೇಕು. ಹೊರಗಿನಿಂದ ರೋಗಾಣು ಹೊಸದಾಗಿ ಬಂದು ಹೊಕ್ಕರೆ ಅದು ‘ರಿಇನ್‌ಫೆಕ್ಷನ್’. ಗುಣವಾಗುತ್ತಿದ್ದ ಕಾಯಿಲೆ ಮರುಕಳಿಸಿದರೆ ‘ರಿಲ್ಯಾಪ್ಸ್’. ಗಡಿಗಳು ಯಾವಾಗಲೂ ಖಚಿತವಾಗಿರುವುದಿಲ್ಲ. ವೈವ್ಯಾಕ್ಸ್ ಮಲೇರಿಯಾದ ಪರಾವಲಂಬಿ ಯಕೃತ್ತಿನಲ್ಲಿ ಮಲಗಿದ್ದು ತಿಂಗಳುಗಳ ನಂತರ ಎದ್ದು ಜ್ವರ ತರುತ್ತದೆ. ಅರ್ಥದಿಂದ ನೋಡಿದರೆ ಅದು ರಿಆಕ್ಟಿವೇಶನ್ ಆದರೂ ರೂಢಿಯಲ್ಲಿ ಅದನ್ನು ರಿಲ್ಯಾಪ್ಸ್ ಎಂದೇ ಕರೆಯುತ್ತಾರೆ.

ಎಬ್ಬಿಸಿದ್ದೋ, ತಾನೇ ಎದ್ದದ್ದೋ

ಬ್ಯಾಂಕಿನ ಪದವೂ ಆಸ್ಪತ್ರೆಯ ಪದವೂ ಒಂದೇ ಆಗಿದ್ದರೂ ನಮಗೆ ಬೇರೆಬೇರೆಯಾಗಿ ತಟ್ಟಿದ್ದೇಕೆ ಎಂಬುದಕ್ಕೆ ಉತ್ತರ ಕನ್ನಡದ ವ್ಯಾಕರಣದಲ್ಲೇ ಸಿಗುತ್ತದೆ. ಕನ್ನಡದಲ್ಲಿ ‘ಏಳು’ ಬೇರೆ, ‘ಎಬ್ಬಿಸು’ ಬೇರೆ. ‘ಎಚ್ಚರಗೊಳ್ಳು’ ಬೇರೆ, ‘ಎಚ್ಚರಗೊಳಿಸು’ ಬೇರೆ. ತಾನಾಗಿ ಆದದ್ದೋ, ಇನ್ನೊಬ್ಬರು ಮಾಡಿದ್ದೋ ಎಂಬುದನ್ನು ಹೇಳದೆ ನಮಗೆ ವಾಕ್ಯ ಮುಗಿಸುವುದು ಕಷ್ಟ. ಇಂಗ್ಲಿಷಿನ ಈ ನಾಮಪದ ಅದನ್ನು ಹೇಳುವುದೇ ಇಲ್ಲ. ಖಾತೆಯ ರಿಆಕ್ಟಿವೇಶನ್‌ನಲ್ಲಿ ಅರ್ಜಿ ಕೊಟ್ಟವರಿದ್ದಾರೆ, ಕೆಲಸ ಮಾಡಿದ ಸಿಬ್ಬಂದಿಯಿದ್ದಾರೆ. ವೈರಾಣುವಿನ ರಿಆಕ್ಟಿವೇಶನ್‌ನಲ್ಲಿ ಯಾರೂ ಬೇಕೆಂದು ಅದನ್ನು ಎಬ್ಬಿಸಿಲ್ಲ, ಅದು ತಾನಾಗಿ ಎದ್ದಿದೆ. ಇಂಗ್ಲಿಷಿನಲ್ಲಿ ಇವೆರಡೂ ಒಂದೇ ರೂಪದಲ್ಲಿ ನಿಲ್ಲುತ್ತವೆ.

ಇದರಿಂದ ಅನುವಾದದಲ್ಲಿ ತೊಡಕಾಗುತ್ತದೆ. ‘ವೈರಾಣುವಿನ ಪುನಃಸಕ್ರಿಯಗೊಳಿಸುವಿಕೆ’ ಎಂದು ಬರೆದುಬಿಟ್ಟರೆ ಯಾರೋ ಬೇಕೆಂದೇ ವೈರಾಣುವನ್ನು ಎಬ್ಬಿಸಿದರು ಎಂಬ ಧ್ವನಿ ಬರುತ್ತದೆ. ಅಲ್ಲಿ ‘ಸಕ್ರಿಯಗೊಳ್ಳುವಿಕೆ’ ಬೇಕು. ಅದಕ್ಕಿಂತಲೂ ‘ವೈರಾಣು ಮತ್ತೆ ತಲೆಯೆತ್ತಿದೆ’ ಎಂಬ ನೇರವಾದ ಮಾತೇ ನನಗೆ ಹೆಚ್ಚು ಸರಿಯೆನಿಸುತ್ತದೆ. ಖಾತೆಯ ವಿಷಯದಲ್ಲಿ ‘ಚಾಲ್ತಿಗೆ ತರುವುದು’ ಎನ್ನಬಹುದಾದರೂ ಬ್ಯಾಂಕಿನಲ್ಲಿ ಚಾಲ್ತಿ ಖಾತೆ ಎಂಬ ಬೇರೊಂದು ಬಗೆಯೇ ಇರುವುದರಿಂದ ಗೊಂದಲವಾಗುತ್ತದೆ, ‘ಮತ್ತೆ ಚಾಲೂ ಮಾಡಿಸುವುದು’ ಎಂದರೆ ಎಲ್ಲರಿಗೂ ತಿಳಿಯುತ್ತದೆ. ‘ಪುನಶ್ಚೇತನ’ವನ್ನು ನಾವು ಕೆರೆಗಳಿಗೆ, ನಷ್ಟದಲ್ಲಿರುವ ಕಾರ್ಖಾನೆಗಳಿಗೆ ಬಳಸುತ್ತೇವೆ. ಅದರಲ್ಲಿ ಹೊಸ ಕಸುವು ತುಂಬುವ ಅರ್ಥವಿರುವುದರಿಂದ ಸಿಮ್ ಕಾರ್ಡಿಗೆ ಅದು ಭಾರವಾಗುತ್ತದೆ.

ಇದ್ದಿಲು, ಬಿರುಕು, ಯುದ್ಧನೌಕೆ

ನೀರು ಶುದ್ಧಮಾಡುವ ಯಂತ್ರದೊಳಗೆ ‘ಆಕ್ಟಿವೇಟೆಡ್ ಕಾರ್ಬನ್’ ಇರುತ್ತದೆ. ತೆಂಗಿನ ಕರಟದ ಇದ್ದಿಲನ್ನು ಹಬೆಯೊಂದಿಗೆ ಅತಿಯಾದ ಕಾವಿಗೆ ಒಡ್ಡಿ ಅದರ ತುಂಬ ಕಣ್ಣಿಗೆ ಕಾಣದ ರಂಧ್ರಗಳನ್ನು ತೆರೆಸಿದಾಗ ಅದು ಸಿದ್ಧವಾಗುತ್ತದೆ. ಅದರ ಒಂದು ಗ್ರಾಮಿನೊಳಗಿನ ಮೇಲ್ಮೈಯನ್ನೆಲ್ಲ ಹರಡಿದರೆ 500 ಚದರ ಮೀಟರಿಗೂ ಮೀರಬಹುದು. ನೀರಿನಲ್ಲಿರುವ ವಾಸನೆ, ಬಣ್ಣ ಮತ್ತು ಕೆಲವು ರಾಸಾಯನಿಕಗಳು ಈ ರಂಧ್ರಗಳ ಗೋಡೆಗೆ ಅಂಟಿಕೊಳ್ಳುತ್ತವೆ. ಇಲ್ಲಿ ‘ಆಕ್ಟಿವ್’ ಎಂದರೆ ಓಡುತ್ತಿರುವ ಎಂದಲ್ಲ, ಹೀರಿಕೊಳ್ಳಲು ತೆರೆದುಕೊಂಡಿರುವ ಎಂದು. ರಂಧ್ರಗಳು ತುಂಬಿಹೋದ ಇದ್ದಿಲನ್ನು ದೊಡ್ಡ ಘಟಕಗಳಲ್ಲಿ ಕುಲುಮೆಗೆ ಹಾಕಿ, ಅಂಟಿದ್ದನ್ನು ಸುಟ್ಟು, ರಂಧ್ರಗಳನ್ನು ಮತ್ತೆ ತೆರೆಸುವುದಕ್ಕೆ ರಿಆಕ್ಟಿವೇಶನ್ ಎನ್ನುತ್ತಾರೆ. ಮನೆಯ ಫಿಲ್ಟರಿನ ಇದ್ದಿಲಿಗೆ ಈ ಭಾಗ್ಯವಿಲ್ಲ, ಅದನ್ನು ಬದಲಾಯಿಸುವುದೇ ರೂಢಿ.

ಭೂವಿಜ್ಞಾನಿಗಳು ‘ಫಾಲ್ಟ್ ರಿಆಕ್ಟಿವೇಶನ್’ ಎನ್ನುವಾಗ ಕಾಲದ ಅಳತೆಯೇ ಬದಲಾಗುತ್ತದೆ. ನೆಲದಾಳದ ಬಂಡೆಗಳಲ್ಲಿ ಕೋಟ್ಯಂತರ ವರ್ಷಗಳ ಹಿಂದೆ ಬಿದ್ದ ಬಿರುಕು ಅಷ್ಟೂ ಕಾಲ ಸುಮ್ಮನಿದ್ದು, ಹೊಸ ಒತ್ತಡಕ್ಕೆ ಸಿಕ್ಕಾಗ ಮತ್ತೆ ಜರುಗಬಹುದು. ಗುಜರಾತಿನ ಕಚ್ಛ್ ಇದಕ್ಕೆ ಬಹಳ ಅಧ್ಯಯನವಾಗಿರುವ ಪ್ರದೇಶ. ಡೈನೋಸಾರ್‌ಗಳಿದ್ದ ಕಾಲದಲ್ಲಿ ಅಲ್ಲಿನ ಭೂಪದರ ಎಳೆತಕ್ಕೆ ಸಿಕ್ಕಿ ಬಿರುಕುಬಿಟ್ಟಿತ್ತು. ಭಾರತದ ಭೂಫಲಕ ಉತ್ತರದ ಏಷ್ಯಾದತ್ತ ಒತ್ತತೊಡಗಿದ ಮೇಲೆ ಅಂಥ ಬಿರುಕುಗಳೇ ಹಿಂದಿಗೆ ವಿರುದ್ಧವಾದ ದಿಕ್ಕಿನಲ್ಲಿ ಜರುಗುತ್ತಿವೆ. 2001ರ ಜನವರಿ 26ರಂದು ಭುಜ್ ಸುತ್ತಲಿನ ಊರುಗಳನ್ನು ನೆಲಸಮ ಮಾಡಿದ ಭೂಕಂಪ ಹುಟ್ಟಿದ್ದು ಇಂಥ ನೆಲದಲ್ಲಿ. ಮರಳಿ ಬರುವ ಚಟುವಟಿಕೆ ಮೊದಲಿನಂತೆಯೇ ಇರಬೇಕಿಲ್ಲ ಎಂಬುದನ್ನೂ ಈ ಬಳಕೆ ತೋರಿಸುತ್ತದೆ.

ಸೈನ್ಯದ ಭಾಷೆಯಲ್ಲಿ, ಬಳಕೆಯಿಂದ ಹಿಂದೆಗೆದು ಕಾಪಿಟ್ಟ ಹಡಗನ್ನೋ ವಿಸರ್ಜಿಸಿದ ಪಡೆಯನ್ನೋ ಮತ್ತೆ ಸೇವೆಗೆ ಸಜ್ಜುಗೊಳಿಸುವುದಕ್ಕೆ ಈ ಪದವಿದೆ. ಎರಡನೆಯ ಮಹಾಯುದ್ಧದ ಕಾಲದ ಅಮೆರಿಕದ ಯುದ್ಧನೌಕೆ ನ್ಯೂಜರ್ಸಿ ಕೊರಿಯಾ ಯುದ್ಧಕ್ಕೆ, ಆಮೇಲೆ ವಿಯೆಟ್ನಾಂ ಯುದ್ಧಕ್ಕೆ, ಕೊನೆಗೆ 1982ರಲ್ಲಿ ಹೀಗೆ ಮೂರು ಬಾರಿ ಮರಳಿ ಸೇವೆಗೆ ಬಂತು. ದುರಸ್ತಿ ಮಾಡಿ, ಸಿಬ್ಬಂದಿ ನೇಮಿಸಿ ಅಣಿಗೊಳಿಸುವುದು ರಿಆಕ್ಟಿವೇಶನ್, ವಿಧಿವತ್ತಾಗಿ ಸೇವೆಗೆ ಸೇರಿಸಿಕೊಳ್ಳುವುದು ‘ರಿಕಮಿಷನಿಂಗ್’.

ನೆನಪಿನ ಸಂಶೋಧನೆಯಲ್ಲಿ ಈ ಪದ ಇನ್ನೂ ಸೂಕ್ಷ್ಮವಾಗುತ್ತದೆ. 1994ರಲ್ಲಿ ಮ್ಯಾಥ್ಯೂ ವಿಲ್ಸನ್ ಮತ್ತು ಬ್ರೂಸ್ ಮೆಕ್‌ನಾಟನ್ ಎಂಬ ವಿಜ್ಞಾನಿಗಳು ಇಲಿಗಳ ಮಿದುಳಿನ ಹಿಪೊಕ್ಯಾಂಪಸ್ ಎಂಬ ಭಾಗದಲ್ಲಿ, ಎಚ್ಚರವಿದ್ದಾಗ ಓಡಾಡುವ ವೇಳೆ ಒಟ್ಟಿಗೆ ಮಿಡಿದ ಜೀವಕೋಶಗಳು ಆಮೇಲೆ ನಿದ್ದೆಯಲ್ಲೂ ಒಟ್ಟಿಗೆ ಮಿಡಿಯುವುದನ್ನು ತೋರಿಸಿದರು. ಅವರ ಪ್ರಬಂಧದ ಶೀರ್ಷಿಕೆಯ ಮೊದಲ ಪದವೇ ರಿಆಕ್ಟಿವೇಶನ್. ಹಗಲು ಓದಿದ ಮಗು ರಾತ್ರಿ ಚೆನ್ನಾಗಿ ಮಲಗಬೇಕು ಎಂಬ ಹಿರಿಯರ ಮಾತನ್ನು ಇದನ್ನು ಓದುವಾಗ ನೆನೆಯದಿರಲು ನನಗೆ ಆಗಲಿಲ್ಲ.

ವಾಕ್ಯದಲ್ಲಿ ಕೂರಿಸುವ ಬಗೆ

ಕನ್ನಡದಲ್ಲಿ ಎಷ್ಟೋ ನಾಮಪದಗಳಿಗೆ ‘ಮಾಡು’ ಸೇರಿಸಿದರೆ ಕ್ರಿಯಾಪದ ಸಿದ್ಧ: ‘ಅಡುಗೆ ಮಾಡು’, ‘ಪೂಜೆ ಮಾಡು’, ‘ರಿಆಕ್ಟಿವೇಶನ್ ಮಾಡು’. ಈ ಅಭ್ಯಾಸವನ್ನು ಇಂಗ್ಲಿಷಿಗೂ ಒಯ್ದು ನಾವು ‘ಪ್ಲೀಸ್ ಡೂ ದ ರಿಆಕ್ಟಿವೇಶನ್ ಆಫ್ ಮೈ ಅಕೌಂಟ್’ ಎಂದು ಬರೆಯುತ್ತೇವೆ. ಅರ್ಥವಾಗುತ್ತದೆ, ಆದರೆ ಸಹಜವಲ್ಲ. ಕೆಲಸ ಮಾಡಿ ಎಂದು ಕೋರುವಾಗ ಕ್ರಿಯಾಪದವೇ ಸಾಕು: ‘ಪ್ಲೀಸ್ ರಿಆಕ್ಟಿವೇಟ್ ಮೈ ಅಕೌಂಟ್’. ನಾಮಪದ ಹೊಂದುವುದು ಆ ಕೆಲಸವನ್ನೇ ಒಂದು ವಿಷಯವಾಗಿ ಹೆಸರಿಸುವಾಗ, ಉದಾಹರಣೆಗೆ ಪತ್ರದ ವಿಷಯದ ಸಾಲಿನಲ್ಲಿ: ‘ರಿಕ್ವೆಸ್ಟ್ ಫಾರ್ ರಿಆಕ್ಟಿವೇಶನ್ ಆಫ್ ಸೇವಿಂಗ್ಸ್ ಅಕೌಂಟ್’. ಏನನ್ನು ಸಕ್ರಿಯಗೊಳಿಸಬೇಕೋ ಅದರ ಮುಂದೆ ‘ಆಫ್’ ಬರಬೇಕು. ಈ ಸಾಲಿನಲ್ಲಿ ‘ರಿಕ್ವೆಸ್ಟ್’ ನಾಮಪದವಾದ್ದರಿಂದ ‘ಫಾರ್’ ಬಂದಿದೆ. ‘ಐ ರಿಕ್ವೆಸ್ಟ್ ರಿಆಕ್ಟಿವೇಶನ್’ ಎಂದು ಅದನ್ನೇ ಕ್ರಿಯಾಪದ ಮಾಡಿದರೆ ‘ಫಾರ್’ ಬೇಡ.

‘ಪೆಂಡಿಂಗ್ ರಿಆಕ್ಟಿವೇಶನ್’ ಎಂದಿದ್ದರೆ ಕೆಲಸ ಇನ್ನೂ ಆಗಿಲ್ಲ, ‘ಅಪಾನ್ ರಿಆಕ್ಟಿವೇಶನ್’ ಎಂದಿದ್ದರೆ ಅದು ಆದ ಕೂಡಲೇ ಎಂದು ಅರ್ಥ. ‘ರಿಆಕ್ಟಿವೇಶನ್ ಫೀ’, ‘ರಿಆಕ್ಟಿವೇಶನ್ ಫಾರಂ’ ಎಂಬಲ್ಲಿ ಅದು ಮುಂದಿನ ಪದಕ್ಕೆ ವಿಶೇಷಣದಂತೆ ಅಂಟಿಕೊಳ್ಳುತ್ತದೆ. ಸಾಮಾನ್ಯವಾಗಿ ಇದನ್ನು ಎಣಿಸುವುದಿಲ್ಲವಾದರೂ, ವೈದ್ಯಕೀಯ ಬರಹದಲ್ಲಿ ಒಬ್ಬರಿಗೆ ಹಲವು ಬಾರಿ ಆದದ್ದನ್ನು ಹೇಳುವಾಗ ‘ರಿಆಕ್ಟಿವೇಶನ್ಸ್’ ಎಂಬ ಬಹುವಚನ ಬರುತ್ತದೆ. ಒಮ್ಮೆ ಚಾಲೂ ಆಗಿ, ಮತ್ತೆ ನಿಂತು, ಎರಡನೆಯ ಸಲ ಚಾಲೂ ಆದಾಗ ಮಾತ್ರ ಇದರ ಜೊತೆಗೆ ‘ಅಗೇನ್’ ಎಂದು ಸೇರಿಸಬೇಕು. ಮೊದಲ ಸಲಕ್ಕೆ ‘ರಿ’ ಎಂಬುದೇ ಸಾಕು.

ಆ ದಿನ ಕೌಂಟರಿನ ಪಕ್ಕದ ಬೆಂಚಿನ ಮೇಲೆ ಕುಳಿತು ನಾನು ಬೂದಿ ಮುಚ್ಚಿದ ಕೆಂಡದ ಮಾತನ್ನೇ ತಾಯಿಗೆ ಹೇಳಿದೆ. ಅವರು ತಲೆಯಾಡಿಸಿ, ಫಾರಂನಲ್ಲಿ ಕಾರಣ ಕೇಳಿದ್ದ ಜಾಗದಲ್ಲಿ ಕನ್ನಡದಲ್ಲೇ "ಖಾತೆ ಬಳಸದೆ ನಿಂತಿದೆ, ಮತ್ತೆ ಚಾಲೂ ಮಾಡಿಕೊಡಿ" ಎಂದು ದುಂಡಗೆ ಬರೆದು ಸಹಿ ಹಾಕಿದರು. ತರುಣ ಅದನ್ನು ಹಾಗೆಯೇ ತೆಗೆದುಕೊಂಡ. ಆಧಾರ್ ಪ್ರತಿ ಮತ್ತು ಪ್ಯಾನ್ ಪ್ರತಿ ಲಗತ್ತಿಸಿದೆವು. ಕೆಲವು ದಿನಗಳ ನಂತರ ಅವರು ಐನೂರು ರೂಪಾಯಿ ಜಮಾ ಮಾಡಿ, ಪಾಸ್‌ಬುಕ್ಕಿನಲ್ಲಿ ಆ ಸಾಲು ಅಚ್ಚಾಗಿರುವುದನ್ನು ನನಗೆ ತೋರಿಸಿದರು.